ಕೆಳಗಿನ ಎರಡು ಸಾಲು

ನಾನು ಒಂದು ಗೋಡೆ. ಮನೆಯಿಲ್ಲದ ಗೋಡೆ. ನಗಬೇಡಿ, ನನ್ನಂಥವರೂ ಲೋಕದಲ್ಲಿದ್ದಾರೆ. ದೊಡ್ಡ ಕಟ್ಟಡ ಏಳುವ ಮೊದಲು ಅದರ ಗೋಡೆ ಹೇಗಿರುತ್ತದೆಂದು ತಿಳಿಯಲು ಒಂದು ತುಂಡನ್ನು ಕಟ್ಟಿ ನಿಲ್ಲಿಸುತ್ತಾರೆ. ನೋಡುತ್ತಾರೆ, ತಟ್ಟುತ್ತಾರೆ, ನೀರು ಹೊಯ್ಯುತ್ತಾರೆ, ಮೆಚ್ಚಿದರೂ ಮೆಚ್ಚದಿದ್ದರೂ ಕೊನೆಗೆ ಕೆಡವುತ್ತಾರೆ. ಮಾದರಿ ಗೋಡೆಯ ಹಣೆಬರಹ ಅಷ್ಟೇ.

ನಾನು ಹುಟ್ಟಿದ್ದು ಥಾಯ್ಲೆಂಡಿನಲ್ಲಿ, ಚಾವೊ ಫ್ರಯಾ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ. ನನ್ನ ಮೈಯೆಲ್ಲ ಆ ನದಿಯ ಮಣ್ಣು. ಲಮೈ ಎಂಬ ಹೆಂಗಸು ಅದಕ್ಕೆ ಭತ್ತದ ಹೊಟ್ಟು ಬೆರೆಸಿ, ತುಳಿದು, ಅಚ್ಚಿಗೆ ಹಾಕಿ, ಹೊಟ್ಟಿನ ಬೆಂಕಿಯಲ್ಲೇ ಸುಟ್ಟು ಇಟ್ಟಿಗೆ ಮಾಡಿದಳು. ಹಿಂದೆ ಆ ಊರಿನಲ್ಲಿ ಹನ್ನೊಂದು ಇಟ್ಟಿಗೆ ಗೂಡುಗಳು ಹೊಗೆಯಾಡುತ್ತಿದ್ದವಂತೆ. ಜನ ಸಿಮೆಂಟ್ ಇಟ್ಟಿಗೆಗೆ ಮರುಳಾದ ಮೇಲೆ ಉಳಿದದ್ದು ಅವಳದೊಂದೇ. ಊರ ಆಸ್ಪತ್ರೆಯಲ್ಲಿ ರೋಗಿಗಳು ಕಾದು ಕೂರುವ ಹೊಸ ಚಾವಡಿಗೆ ಈ ಇಟ್ಟಿಗೆ ಒಪ್ಪಿಗೆಯಾದರೆ ಗೂಡು ಉಳಿಯುತ್ತದೆ, ಇಲ್ಲದಿದ್ದರೆ ಇದೇ ಕೊನೆಯ ಬೆಂಕಿ ಎಂದು ನನ್ನನ್ನು ಗಾಡಿಗೆ ತುಂಬುವಾಗ ಅವಳು ಗಂಡನಿಗೆ ಹೇಳಿದಳು. ಅತ್ತುಕೊಂಡು ಹೇಳಲಿಲ್ಲ. ಹಾಗೆ ಹೇಳಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

ಆಸ್ಪತ್ರೆಯ ಅಂಗಳದಲ್ಲಿ ನನ್ನನ್ನು ಕಟ್ಟಿದ ಮೇಸ್ತ್ರಿ ಆ ಗಂಡನೇ. ಹೆಸರು ಪ್ರಯೂನ್. ನಲವತ್ತು ವರ್ಷ ಗೋಡೆ ಕಟ್ಟಿದವನು. ಆದರೆ ಅವನು ಕಟ್ಟಿದ ಒಂದು ಗೋಡೆಯನ್ನೂ ಯಾರೂ ಕಂಡಿಲ್ಲ, ಏಕೆಂದರೆ ಎಲ್ಲದರ ಮೇಲೂ ಗಾರೆ ಮೆತ್ತಿ ಬಣ್ಣ ಹೊಡೆದಿದ್ದರು. ಚಾವಡಿಯ ನಕ್ಷೆ ಬರೆದ ಫಾಯ್ ಬ್ಯಾಂಕಾಕಿನಿಂದ ಬಂದ ಹುಡುಗಿ. ಅವಳು ಗಾರೆಯೂ ಬೇಡ, ಬಣ್ಣವೂ ಬೇಡ, ಪ್ರತಿ ಎರಡು ಇಟ್ಟಿಗೆಯ ನಡುವೆ ಅಂಗೈ ಹೋಗುವಷ್ಟು ತೂತು ಬಿಡಿ ಎಂದಾಗ ಮೇಸ್ತ್ರಿ ಎರಡು ದಿನ ನಕ್ಕ. ಮೂರನೆಯ ದಿನ ನಗು ನಿಂತಿತು. ನಲವತ್ತು ವರ್ಷದಲ್ಲಿ ಮೊದಲ ಸಲ ತನ್ನ ಕೈಕೆಲಸವನ್ನು ಬಟ್ಟೆ ತೊಡಿಸದೆ ನಾಲ್ಕು ಜನರ ಮುಂದೆ ನಿಲ್ಲಿಸುತ್ತಾರೆಂದು ಅವನಿಗೆ ಹೊಳೆದದ್ದು ಆಗ. ಆಮೇಲೆ ಸಾಲು ನೆಟ್ಟಗಿದೆಯೇ ಎಂದು ತೂಕದ ಗುಂಡು ಬಿಟ್ಟು ನೋಡಿದ್ದೇ ನೋಡಿದ್ದು.

ಫಾಯ್ ಅವನನ್ನು ಲುಂಗ್ ಎನ್ನುತ್ತಿದ್ದಳು. ನಮ್ಮಲ್ಲಿ ದೊಡ್ಡಪ್ಪನಿಗೆ ಹಾಗೆನ್ನುತ್ತಾರೆ. ಕಂಬಗಳ ಮೇಲೆ ನಿಂತ ಹಳೆಯ ಥಾಯ್ ಮನೆಗಳಲ್ಲಿ ನೆಲದ ಹಲಗೆಯ ಸಂದಿಯಿಂದ ತಂಗಾಳಿ ಮೇಲೇಳುವುದಿಲ್ಲವೇ, ಇದೂ ಹಾಗೆಯೇ, ಕೆಳಗಿನ ತೂತಿನಿಂದ ತಂಪು ಒಳಬಂದು ಬಿಸಿಗಾಳಿ ಮಾಡಿನ ಕಿಂಡಿಯಿಂದ ಹೊರಹೋಗುತ್ತದೆ ಎಂದು ವಿವರಿಸಿದಳು. ಮೇಸ್ತ್ರಿ ತಲೆಯಾಡಿಸಿದ. ತಲೆಯಾಡಿಸುವುದಕ್ಕೂ ತಲೆಗೆ ಹೋಗುವುದಕ್ಕೂ ಬಹಳ ದೂರ.

ಪರೀಕ್ಷೆಯ ದಿನ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನಕ್ಕೆ ಗೊತ್ತಾಯಿತು. ನನ್ನ ಹಿಂದೆ ಮೂರು ಕಡೆ ಹಲಗೆ ನಿಲ್ಲಿಸಿ, ಮೇಲೆ ಕಿಂಡಿಯಿರುವ ಮಾಡು ಹೊದಿಸಿ ಒಂದು ಕೋಣೆ ಮಾಡಿದ್ದರು. ಆಸ್ಪತ್ರೆಯ ಮುಖ್ಯಸ್ಥೆ ಡಾಕ್ಟರ್ ರಚನೀ ಮತ್ತು ಸಮಿತಿಯ ನಾಲ್ವರು ಉರಿಬಿಸಿಲಿನ ಹೊತ್ತಿನಲ್ಲಿ ಫ್ಯಾನ್ ಇಲ್ಲದೆ ಅದರೊಳಗೆ ಕೂರಬೇಕು. ಕೂರಲಾದರೆ ಇಟ್ಟಿಗೆ. ಆಗದಿದ್ದರೆ ಗಾಜಿನ ಗೋಡೆ ಮತ್ತು ಏಸಿ. ಸಮಿತಿಯ ಮನಸ್ಸು ಮೊದಲೇ ಗಾಜಿನ ಕಡೆಗಿತ್ತು.

ಅಂದು ಬೆಳಿಗ್ಗೆ ಮೇಸ್ತ್ರಿ ಕುರ್ಚಿಗಳನ್ನು ಒರೆಸುತ್ತಿದ್ದಾಗ ಒಂದು ಹಾವು ನನ್ನ ಕೆಳಗಿನ ಸಾಲಿನ ತೂತಿನಿಂದ ನುಸುಳಿ, ನೇರವಾಗಿ ಡಾಕ್ಟರರ ಕುರ್ಚಿಯ ಕೆಳಗೆ ಸುರುಳಿ ಸುತ್ತಿಕೊಂಡಿತು. ಅವನು ಕೋಲಿನಿಂದ ಅದನ್ನು ಹೇಗೋ ಓಡಿಸಿದ. ಆದರೆ ಮಧ್ಯಾಹ್ನ ಮತ್ತೆ ಬಂದರೆ? ಫಾಯ್‌ಗೆ ಫೋನ್ ಮಾಡಿದ, ಹತ್ತಲಿಲ್ಲ. ಒಂದು ಗಳಿಗೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದ. ಆಮೇಲೆ ಗಾರೆ ಕಲಸಿ, ಇಟ್ಟಿಗೆ ಚೂರು ತುರುಕಿ, ಕೆಳಗಿನ ಎರಡು ಸಾಲಿನ ತೂತುಗಳನ್ನೆಲ್ಲ ಮುಚ್ಚಿಬಿಟ್ಟ. ಹೊರಗಿನಿಂದ ನೋಡಿದವರಿಗೆ ನೆರಳಷ್ಟೇ ಕಾಣುವಂತೆ ತುಸು ಒಳಕ್ಕೆ ಮುಚ್ಚಿದ. ಕೈಚಳಕ ಅಂದರೆ ಅದು.

ಗೋಡೆಗೂ ಕಿವಿಯುಂಟು ಎನ್ನುತ್ತಾರೆ. ಬಾಯಿ ಇಲ್ಲವೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮೂಗು ಹಿಡಿದಂತಾಗಿ ನಾನು ಸುಮ್ಮನೆ ನಿಂತೆ.

ಎರಡು ಗಂಟೆಗೆ ಎಲ್ಲರೂ ಬಂದು ಕೂತರು. ಐದು ನಿಮಿಷ ಕಳೆಯಿತು. ಕರವಸ್ತ್ರಗಳು ಹೊರಬಂದವು. ಹತ್ತು ನಿಮಿಷಕ್ಕೆ ಸಮಿತಿಯವನೊಬ್ಬ ಕಡತದಿಂದ ಗಾಳಿ ಬೀಸಿಕೊಳ್ಳತೊಡಗಿದ. ಗಾಳಿ ಹರಿಯುವ ದಾರಿ ತೋರಿಸುತ್ತೇನೆಂದು ಫಾಯ್ ಮೂರು ಊದುಬತ್ತಿ ಹಚ್ಚಿ ಕೋಣೆಯ ನಡುವೆ ಇಟ್ಟಳು. ಹೊಗೆ ನೂಲಿನಂತೆ ನೆಟ್ಟಗೆ ಎದ್ದು ತಲೆಯ ಮಟ್ಟದಲ್ಲಿ ನಿಂತುಬಿಟ್ಟಿತು. ಅವಳು ನಕ್ಷೆ ತೆಗೆದು ನೋಡಿದಳು, ಮಾಡು ನೋಡಿದಳು, ಮತ್ತೆ ನಕ್ಷೆ ನೋಡಿದಳು. ಕೆಳಗಿನ ಸಾಲು ಕುರ್ಚಿಗಳ ಮರೆಯಲ್ಲಿತ್ತು.

ಮೇಸ್ತ್ರಿ ಹೊರಗೆ ಲಮೈ ಪಕ್ಕದಲ್ಲಿ ನಿಂತು ನನ್ನ ತೂತಿನಿಂದ ಆ ಹೊಗೆಯನ್ನೇ ನೋಡುತ್ತಿದ್ದ. ಅವನಿಗೆ ಅರ್ಥವಾಯಿತು. ಬಾಯಿ ಬಿಟ್ಟರೆ ನಲವತ್ತು ವರ್ಷದ ಮರ್ಯಾದೆ ಇಷ್ಟು ಜನರ ಮುಂದೆ ಹೋಗುತ್ತದೆ. ಬಿಡದಿದ್ದರೆ ತಪ್ಪು ಆ ಹುಡುಗಿಯ ತಲೆಗೆ, ಗೂಡಿನ ಬೆಂಕಿ ಬೂದಿಗೆ. ಒಂದು ಕೈಯನ್ನು ನನ್ನ ಮೇಲೆ ಊರಿದ್ದ. ಒಳಗೆ ಡಾಕ್ಟರ್ ರಚನೀ ಕನ್ನಡಕ ತೆಗೆದು, ಸಾಕು, ಏಳೋಣ ಎಂದರು. ಕುರ್ಚಿಗಳು ಕಿರುಗುಟ್ಟಿದವು.

“ಒಂದ್ನಿಮಿಷ ಕೂತ್ಕೊಳಿ ಡಾಕ್ಟರೇ,” ಎಂದ ಮೇಸ್ತ್ರಿ, ತೂತಿನ ಮೂಲಕವೇ. “ಇದರಲ್ಲಿ ಆ ಹುಡುಗೀದು ಏನೂ ತಪ್ಪಿಲ್ಲ. ಬೆಳಿಗ್ಗೆ ಹಾವು ಬಂತು ಅಂತ ಕೆಳಗಿನ ತೂತೆಲ್ಲ ನಾನೇ ಮುಚ್ಚಿದೀನಿ.”

ಅವನು ಮಂಡಿಯೂರಿ ಕರಣೆಯ ಹಿಡಿಯಿಂದ ಮೊದಲ ತೂತನ್ನು ಗುದ್ದಿದ. ಗಾರೆ ಅರೆಬರೆ ಒಣಗಿತ್ತು. ಎರಡನೆಯದು, ಮೂರನೆಯದು. ಅವಸರಕ್ಕೆ ನನ್ನ ಇಟ್ಟಿಗೆಯ ಮೂಲೆಗಳೂ ಚೂರಾದವು, ಅವನ ಬೆರಳೂ ತರಚಿತು. ಲಮೈಯೂ ಕೂತು ಒಂದು ಇಟ್ಟಿಗೆ ಚೂರು ಹಿಡಿದು ಆ ತುದಿಯಿಂದ ಗುದ್ದತೊಡಗಿದಳು. ಇಪ್ಪತ್ತೆರಡು ತೂತು. ಕೊನೆಯದು ಬಿದ್ದಾಗ ಇಬ್ಬರೂ ಏದುಸಿರು ಬಿಡುತ್ತಿದ್ದರು.

ಹೊಗೆ ಆಗಲೂ ಅಲುಗಲಿಲ್ಲ. ಆ ಕ್ಷಣವನ್ನು ನೆನೆದರೆ ನನಗೆ ಈಗಲೂ ಬಿರುಕು ಬಿಟ್ಟಂತಾಗುತ್ತದೆ. ಆಮೇಲೆ ಅದು ಮೆಲ್ಲಗೆ ಬಾಗಿತು, ಒಂದು ಸಲ ತಿರುಗಿತು, ಸರ್ರನೆ ಮಾಡಿನ ಕಿಂಡಿಯಿಂದ ಹೊರಟೇಹೋಯಿತು. ಕಡತ ಬೀಸುತ್ತಿದ್ದವನ ಕೈ ತಾನಾಗಿ ನಿಂತಿತು.

ಡಾಕ್ಟರ್ ರಚನೀ ಪೂರ್ತಿ ಅರ್ಧ ಗಂಟೆ ಕೂತರು. ಹೊರಗೆ ಬಂದು ಮೇಸ್ತ್ರಿಯ ಬೆರಳು ನೋಡಿ, ಆಸ್ಪತ್ರೆಯೊಳಗೆ ಹೋಗಿ ಔಷಧಿ ಹಚ್ಚಿಸಿಕೊಳ್ಳಲು ಹೇಳಿದರು. “ಹಾವಿಗೆ ಹೆದರಿದ್ದಕ್ಕೆ ನಾನೇನೂ ಅನ್ನಲ್ಲ. ಹೇಳ್ದೆ ಮುಚ್ಚಿದ್ರಲ್ಲ, ಅದು ತಪ್ಪು,” ಎಂದರು. ಫಾಯ್ ಆಗಲೇ ನೆಲದಲ್ಲಿ ಕೂತು ನಕ್ಷೆ ತಿದ್ದುತ್ತಿದ್ದಳು. ಇಟ್ಟಿಗೆ ಒಪ್ಪಿಗೆಯಾಯಿತು, ಗೂಡೂ ಉಳಿಯಿತು. ಹಾವು ಬಾರದಂತೆ ಚಾವಡಿಯ ಗೋಡೆಗಳು ಮಂಡಿಯೆತ್ತರದ ಕಟ್ಟೆಯ ಮೇಲೆ ನಿಂತವು, ಕೆಳಗಿನ ಎರಡು ಸಾಲಿಗೆ ಸಣ್ಣ ಕಣ್ಣಿನ ಜಾಲರಿ ಬಂತು. ಅದನ್ನು ಮೇಸ್ತ್ರಿಯ ಕೈಯಲ್ಲೇ ಹಾಕಿಸಿದಳು.

ಚಾವಡಿ ಎದ್ದು ಈಗ ಹದಿನಾಲ್ಕು ವರ್ಷ. ಅದರ ಗೋಡೆಗಳೆಲ್ಲ ನನ್ನ ತದ್ರೂಪ, ನನಗಿಂತ ಚೆಂದ. ನನ್ನ ಕೋಣೆಯ ಹಲಗೆ, ಮಾಡು ಎಲ್ಲ ಯಾವಾಗಲೋ ಹೋದವು. ನನ್ನನ್ನು ಕೆಡವುವ ಕೆಲಸವನ್ನು ಮೇಸ್ತ್ರಿಗೇ ಒಪ್ಪಿಸಿದ್ದರು. ನಾಳೆ, ನಾಡಿದ್ದು ಎನ್ನುತ್ತ ಅವನು ಕೆಲಸದಿಂದಲೇ ನಿವೃತ್ತನಾದ. ಹೀಗಾಗಿ ಬೈಕು ನಿಲ್ಲಿಸುವ ಜಾಗದ ಪಕ್ಕ ನಾನೊಬ್ಬನೇ ಇದ್ದೇನೆ. ಮೈಗೆ ಪಾಚಿ ಹತ್ತಿದೆ. ಮೇಲಿನ ಸಾಲಿನಲ್ಲಿ ಮೈನಾ ಸಂಸಾರ. ಕೆಳಗಿನ ಸಾಲಿನಲ್ಲಿ ಹೋದ ವರ್ಷ ಯಾವುದೋ ಹಾವು ಪೊರೆ ಬಿಟ್ಟು ಹೋಗಿತ್ತು.

ತಿಂಗಳಿಗೊಮ್ಮೆ ಮೇಸ್ತ್ರಿ ಬಿಪಿ ಮಾತ್ರೆಗೆ ಬರುತ್ತಾನೆ. ಚಾವಡಿಯ ತಂಪಿಗೆ ಹೋಗುವ ಮೊದಲು ನನ್ನ ಹತ್ತಿರ ಬಂದು, ಕಷ್ಟಪಟ್ಟು ಬಗ್ಗಿ, ಮೂಲೆ ಮುರಿದ ಕೆಳಗಿನ ತೂತಿಗೆ ಅಂಗೈ ಹಿಡಿಯುತ್ತಾನೆ. ಈಗ ನನ್ನ ಹಿಂದೆ ಕೋಣೆಯಿಲ್ಲ. ಗಾಳಿಗೆ ನನ್ನ ಆಚೆ ಈಚೆ ಬೇಕಾದಷ್ಟು ದಾರಿಯಿದೆ, ಈ ತೂತಿನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಆದರೂ ಅವನು ಗಾಳಿ ತಾಗುವವರೆಗೆ ಕೈ ತೆಗೆಯುವುದಿಲ್ಲ.