ಹದಿನೇಳು ಸೆಕೆಂಡು

ಎರಡು ಸಲ. ಎರಡು ಸಲ ಕರೆದೂ ಪಕ್ಕದ ಪೈಲಟ್ ಉತ್ತರ ಕೊಡದಿದ್ದರೆ ಅವನಿಗೆ ಪ್ರಜ್ಞೆ ತಪ್ಪಿದೆಯೆಂದೇ ತಿಳಿಯಬೇಕು. ಮೂರನೆಯ ಸಲ ಕರೆಯುವಂತಿಲ್ಲ. 'ಕಂಟ್ರೋಲ್ ನನ್ನದು' ಎಂದು ಗಟ್ಟಿಯಾಗಿ ಹೇಳಿ ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಅವನು ಪುಸ್ತಕದ ಈ ನಿಯಮವನ್ನೆಲ್ಲ ಕನ್ನಡಿಗೆ ಒಪ್ಪಿಸಿದ. ಕನ್ನಡಿಯಲ್ಲಿದ್ದವನು ತಕರಾರಿಲ್ಲದೆ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನದು ಎತ್ತಿದ ಕೈ.

ಪರೀಕ್ಷೆ ಹನ್ನೆರಡಕ್ಕೆ. ಇದು ಎರಡನೆಯ ಸಲ. ಮೊದಲ ಸಲ ಬಿದ್ದಾಗ ತರಬೇತಿ ಶಾಲೆಯ ಮುಖ್ಯಸ್ಥೆ ಮೃದುವಾಗಿಯೇ ಹೇಳಿದ್ದರು, ಮೂರನೆಯ ಅವಕಾಶ ಎಂಬುದು ಇಲ್ಲಿ ಇಲ್ಲ ಎಂದು. ಇವತ್ತು ಗೆದ್ದರೆ ಬರುವ ತಿಂಗಳು ನಿಜವಾದ ವಿಮಾನದ ಬಲಗಡೆಯ ಸೀಟು, ಸಹಪೈಲಟ್ ಕೆಲಸ. ಸೋತರೆ ಮತ್ತೆ ಕಾಲೇಜು, ಭೌತಶಾಸ್ತ್ರ, ಕರಿಹಲಗೆ. ಅಲ್ಲಿ ಅವನು ನಾಲ್ಕು ವರ್ಷ ಗೋಡೆಗೆ ಪಾಠ ಹೇಳಿದ್ದ.

ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ. ಕಿಟಕಿಯಾಚೆ ಇನ್ನೊಂದು ಕಟ್ಟಡದ ಏಸಿ ಡಬ್ಬಗಳು. ತರಬೇತಿಗೆ ಬಂದವರನ್ನು ಶಾಲೆ ಇಬ್ಬಿಬ್ಬರಂತೆ ಜೋಡಿ ಮಾಡುತ್ತಿತ್ತು. ಕೋಣೆ, ಓದು, ಪರೀಕ್ಷೆ ಎಲ್ಲ ಒಟ್ಟಿಗೆ. ಅವನ ಜೋಡಿಗೆ ಸಿಕ್ಕಿದವನನ್ನು ಎಲ್ಲರೂ ಪ್ರೊಫೆಸರ್ ಎಂದು ಕರೆಯುತ್ತಿದ್ದರು. ಪ್ರೊಫೆಸರ್ ಹೋದ ವಾರವೇ ಪಾಸಾಗಿದ್ದ. ಆದರೂ ಗದ್ದವನ್ನು ಎದೆಗಾನಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಮಂಚದ ಮೇಲೆ ಕೂತು ಓದುತ್ತಲೇ ಇದ್ದ.

"ಚಹಾ ಮಾಡ್ಲಾ?"

ಪ್ರೊಫೆಸರ್ ಪುಟ ತಿರುಗಿಸಿದ.

"ಚಹಾ ಕುಡೀತೀಯಾ?"

ಕೆಳಗಡೆ ಬೀದಿಯಲ್ಲಿ ಯಾರೋ ಶಟರ್ ಎಳೆದರು. ಅವನು ಪಾತ್ರೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಮತ್ತೊಮ್ಮೆ ಕೇಳಿದ. ಪ್ರೊಫೆಸರ್ ಒಂದು ಕಿವಿ ಬಿಡಿಸಿಕೊಂಡ.

"ಏನಾದ್ರೂ ಅಂದ್ಯಾ?"

"ಏನಿಲ್ಲ."

ನಾಲ್ಕು ತಿಂಗಳಿಂದ ಇದೇ ಸಂಸಾರ. ಒಂದು ದಿನವೂ ಜಗಳವಾಗಿರಲಿಲ್ಲ. ಜಗಳವಾಡುವುದಕ್ಕೂ ಮಾತು ಬೇಕಲ್ಲ. ಅವನು ಎರಡು ಲೋಟ ಚಹಾ ಮಾಡಿ, ಒಂದನ್ನು ಪ್ರೊಫೆಸರನ ಮಂಚದ ಹತ್ತಿರ ಇಟ್ಟ. ಹೊರಡುವ ಹೊತ್ತಿಗೆ ಅದರ ಮೇಲೆ ಕೆನೆ ಕಟ್ಟಿತ್ತು.

ಬಸ್ಸಿನಲ್ಲಿ ಅಮ್ಮನ ಫೋನು ಬಂತು.

"ಏನಾದ್ರೂ ತಿಂದ್ಯೇನೋ?"

"ತಿಂದೆ."

"ನಿಮ್ಮಕ್ಕ ಆಗ್ಲೇ ಅವಳ ಅತ್ತೆ ಮನೇಲೆಲ್ಲ ಡಂಗುರ ಹೊಡೆದಿದಾಳೆ, ತಮ್ಮ ಪೈಲಟ್ ಅಂತ."

"ಇನ್ನೂ ಆಗಿಲ್ಲಮ್ಮ. ಇವತ್ತು ಏನಾದ್ರೂ ಹೆಚ್ಚುಕಮ್ಮಿ ಆದ್ರೆ..."

"ಅಯ್ಯೋ ಹಾಲು! ತಡಿ, ಅಪ್ಪಂಗೆ ಕೊಡ್ತೀನಿ."

ಫೋನು ಕೈ ಬದಲಾಯಿತು. ಆ ಕಡೆ ಪೇಪರ್ ಸದ್ದು ಮಾಡಿತು.

"ಅಪ್ಪಾ, ಇವತ್ತು ಪರೀಕ್ಷೆ."

ಪೇಪರ್ ಮಡಿಚಿದ ಸದ್ದು.

"ಅಪ್ಪಾ?"

ಅವನು ಕಾದ. ಕಾಯುವುದು ಅವನಿಗೆ ಕಷ್ಟವಾಗಲಿಲ್ಲ. ಅವರ ಮನೆಯಲ್ಲಿ ಅಪ್ಪನನ್ನು ಎರಡನೆಯ ಸಲ ಕೂಗಿ ಕೇಳಿದರೆ ಅದು ಉದ್ಧಟತನ. ಮೆಲ್ಲಗೆ ಕೇಳಿ, ಸುಮ್ಮನಿದ್ದು, ಮತ್ತೆ ಮೆಲ್ಲಗೆ ಕೇಳಬೇಕು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಉತ್ತರ ಬಂದೇ ಬರುತ್ತಿತ್ತು. ಹಾಗೆ ಕಾದು ಅವನು ಸೈಕಲ್ ಪಡೆದಿದ್ದ, ಎಮ್ಮೆಸ್ಸಿಗೆ ಸೇರಿದ್ದ, ಕೆಲಸ ಬಿಟ್ಟು ಇಲ್ಲಿಗೆ ಬರಲು ಒಪ್ಪಿಗೆ ಗಿಟ್ಟಿಸಿದ್ದ.

"ಅಪ್ಪಾ, ಕೇಳಿಸ್ತಿದ್ಯಾ?"

"ಹ್ಞೂಂ," ಎಂದರು ಅಪ್ಪ.

ಅವನಿಗೆ ಸಮಾಧಾನವಾಯಿತು. ಅಮ್ಮ ಮತ್ತೆ ಬರುವಳೆಂದು ಎರಡು ನಿಲ್ದಾಣ ದಾಟುವವರೆಗೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದ. ಆಮೇಲೆ ನೋಡಿದರೆ ಅದು ಯಾವಾಗಲೋ ಕಟ್ಟಾಗಿತ್ತು.

ಗೋದಾಮಿನಂಥ ದೊಡ್ಡ ಹಜಾರದಲ್ಲಿ, ಆರು ಉಕ್ಕಿನ ಕಾಲುಗಳ ಮೇಲೆ, ಕಿಟಕಿಯಿಲ್ಲದ ಬಿಳಿ ಡಬ್ಬವೊಂದು ನಿಂತಿತ್ತು. ಅದೇ ಸಿಮ್ಯುಲೇಟರ್, ನೆಲ ಬಿಡದೆ ಹಾರುವ ಅಣಕು ವಿಮಾನ. ಹೊರಗಿನಿಂದ ನೋಡಿದರೆ ನೀರಿನ ಟ್ಯಾಂಕಿಗಿಂತ ಹೆಚ್ಚಿನ ಗೌರವ ಹುಟ್ಟುವಂತಿರಲಿಲ್ಲ. ಚಿಕ್ಕ ಸೇತುವೆ ದಾಟಿ ಒಳಹೊಕ್ಕರೆ ಮಾತ್ರ ಸಾಕ್ಷಾತ್ ವಿಮಾನದ ಮೂತಿ: ಎರಡು ಸೀಟು, ನೂರಾರು ಗುಂಡಿಗಳು, ಗಾಜಿನಾಚೆ ಇನ್ನೂ ಕತ್ತಲಾಗದ ಸಂಜೆ. ಹೊರಗೆ ನಡು ಮಧ್ಯಾಹ್ನವಾಗಿದ್ದರೂ ಪರೀಕ್ಷಕರಿಗೆ ಸಂಜೆ ಬೇಕಿತ್ತು. ಕೆಳಗಿನ ಕೋಣೆಯ ತಂತ್ರಜ್ಞ ಸಂಜೆ ಮಾಡಿಕೊಟ್ಟಿದ್ದ.

ಪರೀಕ್ಷಕರು ಕುಳ್ಳಗಿನ ಮನುಷ್ಯ. ನಿವೃತ್ತ ಕ್ಯಾಪ್ಟನ್. ಬಾಯಲ್ಲಿ ಪೆಪ್ಪರಮೆಂಟು.

"ಭಯ ಇದೆಯೇನಪ್ಪಾ?"

"ಇಲ್ಲ ಸರ್."

"ಇರ್ಬೇಕಿತ್ತಲ್ಲ," ಎಂದು ಹಿಂದಿನ ಸೀಟಿಗೆ ಹೋಗಿ ಕೂತರು.

ಎಡಗಡೆಯ ಕ್ಯಾಪ್ಟನ್ ಸೀಟಿನಲ್ಲಿ ಪ್ರೊಫೆಸರ್. ಇವತ್ತು ಅವನು ಲೆಕ್ಕಕ್ಕಿಲ್ಲ, ಜೊತೆಗೆ ಮಾತ್ರ. ಸೇತುವೆ ಮೇಲೆದ್ದಿತು, ಡಬ್ಬ ಕಾಲುಗಳ ಮೇಲೆ ಎದ್ದು ನಿಂತಿತು.

ಮೊದಲ ಒಂದೂವರೆ ಗಂಟೆ ಹೂವೆತ್ತಿದ ಹಾಗೆ ಹೋಯಿತು. ಇಂಜಿನ್ನಿಗೆ ಬೆಂಕಿ ಬಿತ್ತು, ಆರಿಸಿದ. ಗಾಳಿ ಅಡ್ಡ ಬೀಸಿತು, ನಿಭಾಯಿಸಿದ. ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅದು ಹಾರಾಟದ ಖುಷಿಯಲ್ಲ. ನಿಜ ಹೇಳಬೇಕೆಂದರೆ ಆಕಾಶದ ಮೇಲೆ ಅವನಿಗೆ ಅಂಥ ವ್ಯಾಮೋಹವೇನೂ ಇರಲಿಲ್ಲ. ವರ್ಷಗಳ ಹಿಂದೆ ಕಾಲೇಜಿನ ಹುಡುಗರನ್ನು ವಿಮಾನ ನಿಲ್ದಾಣ ನೋಡಲು ಕರೆದೊಯ್ದಾಗ ಅವನು ರೇಡಿಯೊ ಕೇಳಿದ್ದ. ಗೋಪುರದಿಂದ ಒಬ್ಬಳು ಒಂದಷ್ಟು ಅಂಕಿ ಹೇಳಿದಳು. ಮೇಲಿದ್ದವನು ಒಂದನ್ನೂ ಬಿಡದೆ ಅವನ್ನೇ ಹಿಂದಕ್ಕೆ ಹೇಳಿದ. ಸರಿ ಎಂದಳು. ಹುಡುಗರು ಬೇಸರದಿಂದ ಆಕಳಿಸುತ್ತಿದ್ದಾಗ ಇವನ ಕಣ್ಣು ಒದ್ದೆಯಾಗಿತ್ತು. ಆಡಿದ ಮಾತು ನೆಲಕ್ಕೆ ಬೀಳದ ಲೋಕವೊಂದಿದೆ, ಅಲ್ಲಿಗೆ ಹೋಗಬೇಕು ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದ.

ಈ ಡಬ್ಬದೊಳಗೆ ಪ್ರೊಫೆಸರ್ ಕೂಡ ಮಾತಾಡುತ್ತಿದ್ದ. ಕೋಣೆಯಲ್ಲಿ ಚಹಾಕ್ಕೂ ಬಾಯಿ ಬಿಡದವನು ಇಲ್ಲಿ ಇವನ ಒಂದೊಂದು ಕರೆಗೂ 'ಚೆಕ್ಡ್' ಎನ್ನುತ್ತಿದ್ದ. ನಿಯಮ ಹಾಗಿತ್ತು. ನಿಯಮದ ಉತ್ತರವೂ ಉತ್ತರವೇ ತಾನೆ ಎಂದುಕೊಂಡ ಅವನು.

ಕೊನೆಯ ಇಳಿಯುವಿಕೆ. ಪ್ರೊಫೆಸರ್ ಆಟೋಪೈಲಟ್ ಬಿಡಿಸಿ ವಿಮಾನವನ್ನು ಕೈಯಿಂದಲೇ ನಡೆಸುತ್ತಿದ್ದ. ಎತ್ತರ ನೋಡಿ ಹೇಳುವುದು ಇವನ ಕೆಲಸ.

"ಸಾವಿರ ಅಡಿ."

"ಚೆಕ್ಡ್."

ಹಿಂದೆ ಪೆಪ್ಪರಮೆಂಟಿನ ಕಾಗದ ಸರಪರ ಎಂದಿತು. ಪರೀಕ್ಷಕರು ಕೈ ಚಾಚಿ ಪ್ರೊಫೆಸರನ ಭುಜವನ್ನು ಎರಡು ಸಲ ತಟ್ಟಿದ್ದು ಇವನಿಗೆ ಕಾಣಲಿಲ್ಲ. ರನ್‌ವೇಯ ದೀಪಗಳ ಎರಡು ಸಾಲು ಗಾಜಿನ ನಡುಮಧ್ಯೆ ನೆಟ್ಟಗೆ ಹತ್ತಿರವಾಗುತ್ತಿದ್ದವು. ಇನ್ನೊಂದು ನಿಮಿಷ, ಮುಗಿಯಿತು ಎಂದು ಅವನ ಎದೆ ಹಗುರಾಯಿತು.

"ಐನೂರು."

ಪ್ರೊಫೆಸರ್ ಏನೂ ಹೇಳಲಿಲ್ಲ.

"ಐನೂರು ಅಡಿ."

ಅವನು ಎಡಕ್ಕೆ ನೋಡಿದ. ಪ್ರೊಫೆಸರ್ ಗದ್ದವನ್ನು ಎದೆಗಾನಿಸಿ, ಮಂಚದ ಮೇಲೆ ಕೂತಂತೆಯೇ ಕೂತಿದ್ದ. ಕಿವಿಗೆ ಹೆಡ್‌ಫೋನ್. ಏನೋ ಯೋಚಿಸುತ್ತಿದ್ದಾನೆ, ಈಗ ಹೇಳುತ್ತಾನೆ. ದೀಪದ ಸಾಲುಗಳು ಮೆಲ್ಲಗೆ ಬಲಕ್ಕೆ ಸರಿಯತೊಡಗಿದವು.

"ಎಡಕ್ಕೆ ಹೋಗ್ತಿದೆ," ಎಂದ ಮೆಲ್ಲಗೆ.

ಕಾದ. ಕೈಗಳು ತೊಡೆಯ ಮೇಲೆ ಮಡಿಚಿದಂತೆಯೇ ಇದ್ದವು. ಯಂತ್ರದ ಹೆಣ್ಣುದನಿಯೊಂದು ಏನನ್ನೋ ಎಚ್ಚರಿಸುತ್ತಿತ್ತು. ಆ ದನಿಗೂ ಯಾರೂ ಉತ್ತರಿಸಲಿಲ್ಲ.

"ನೋಡು, ಎಡಕ್ಕೆ..."

ಎಲ್ಲ ನಿಂತಿತು. ಸದ್ದು ನಿಂತಿತು, ನಡುಕ ನಿಂತಿತು, ಗಾಜಿನಾಚೆಯ ಸಂಜೆ ನಿಂತಿತು. ಪರೀಕ್ಷಕರು ಗುಂಡಿ ಒತ್ತಿದ್ದರು. ಡಬ್ಬ ನಿಟ್ಟುಸಿರು ಬಿಟ್ಟು ತನ್ನ ಕಾಲುಗಳ ಮೇಲೆ ಕುಸಿದು ಕೂತಿತು. ಸೇತುವೆ ಕೆಳಗಿಳಿದ ಸದ್ದು ಕೇಳಿಸಿತು.

"ಹದಿನೇಳು ಸೆಕೆಂಡು," ಎಂದರು ಪರೀಕ್ಷಕರು. "ನಾಲ್ಕು ಸಲ ಕರೆದೆ. ನಿಯಮ ಗೊತ್ತಿಲ್ವಾ?"

"ಗೊತ್ತು ಸರ್."

"ಹೇಳು."

ಅವನು ಹೇಳಿದ. ಒಂದಕ್ಷರ ತಪ್ಪಲಿಲ್ಲ.

"ಮತ್ತೆ? ಏನಾಯ್ತು?"

"ಉತ್ತರ ಬರತ್ತೆ ಅಂತ..."

"ಅವನು ಸತ್ತಿದ್ದ ಕಣಯ್ಯಾ! ಹಿಂದೆ ನೂರೆಂಬತ್ತು ಜನ ಕೂತಿದ್ರು. ಪಕ್ಕದಲ್ಲಿ ಕೂತೋನು ಸತ್ತಿರೋದು ಗೊತ್ತಾಗ್ಲಿಲ್ವಾ?"

"ಅವನು... ಯಾವಾಗ್ಲೂ ಹಾಗೇನೇ ಸರ್."

ಪರೀಕ್ಷಕರು ಪೆಪ್ಪರಮೆಂಟು ಕಡಿಯುವುದನ್ನು ನಿಲ್ಲಿಸಿದರು. ಕಾಗದಗಳನ್ನು ಕೂಡಿಸಿಕೊಂಡು ಎದ್ದರು.

"ಬಾಕಿ ಎಲ್ಲ ಚೆನ್ನಾಗಿತ್ತು. ಅದೇ ತಲೆನೋವು. ಮೇಡಂ ಹತ್ರ ಮಾತಾಡಿ ಬರ್ತೀನಿ. ಇಲ್ಲೇ ಇರು."

ಬಾಗಿಲು ಹಾಕಿಕೊಂಡಿತು. ಪ್ರೊಫೆಸರ್ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ.

"ಸಾರಿ ಕಣೋ. ಭುಜ ತಟ್ಟಿದ್ರೆ ಸುಮ್ನಾಗ್ಬೇಕು ಅಂತ ಮೊದ್ಲೇ ಹೇಳಿದ್ರು. ನಿಂಗೆ ತಕ್ಷಣ ಗೊತ್ತಾಗತ್ತೆ ಅಂದ್ಕೊಂಡೆ."

"ಇರ್ಲಿ ಬಿಡು."

"ನಾನು ಅಷ್ಟು ಸುಮ್ನಿರ್ತೀನಾ?"

ನಾಲ್ಕು ತಿಂಗಳಲ್ಲಿ ಪ್ರೊಫೆಸರ್ ಅವನನ್ನು ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು. ಅವನ ಕಣ್ಣುಗಳು ಕಂದು ಬಣ್ಣದವೆಂದು ಇವನು ಈಗ ನೋಡಿದ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಬೆಳಗಿನ ಚಹಾದಿಂದಲೇ ಶುರುಮಾಡಬಹುದಿತ್ತು. ಆದರೆ ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಅವನು ಮಾಪಕಗಳ ಕಡೆ ತಿರುಗಿದ.

ಪ್ರೊಫೆಸರ್ ಕಾದ. ಆಮೇಲೆ ಎದ್ದು, ತಲೆ ತಗ್ಗಿಸಿ ಹೊರಗೆ ಹೋದ.

ಒಬ್ಬನೇ ಉಳಿದ. ಸೀಟು ಈಗ ನೆಲದ ಮಟ್ಟಕ್ಕೆ ನೆಟ್ಟಗಿತ್ತು. ಗಾಜಿನಾಚೆಯ ಲೋಕ ಮಾತ್ರ ವಾಲಿದಂತೆಯೇ ನಿಂತಿತ್ತು. ಅವನು ಕತ್ತನ್ನು ಒಂದು ಕಡೆ ವಾಲಿಸಿ ಅದಕ್ಕೆ ಸರಿಹೊಂದಲು ನೋಡಿದ. ಹಾಗೆ ಕೂತಾಗ ಎಲ್ಲ ಸರಿಯಿರುವಂತೆ ಕಾಣಿಸಿತು. ಕೆಳಗೆ ಊರಿನ ದೀಪಗಳು, ರಸ್ತೆಯ ಮೇಲೆ ಚಲಿಸದ ಕಾರುಗಳು. ಯಾವ ಮನೆಯಲ್ಲೂ ಯಾರೂ ಇರಲಿಲ್ಲ. ಯಾರನ್ನೂ ಚಿತ್ರಿಸಿರಲಿಲ್ಲ.

ಎಷ್ಟು ಹೊತ್ತಾಯಿತೋ. ಸೇತುವೆಯ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲು ಒಂದಿಷ್ಟು ತೆರೆಯಿತು.

"ಒಳಗೆ ಯಾರಾದ್ರೂ ಇದ್ದೀರಾ?"

ತಂತ್ರಜ್ಞನ ದನಿ. ಇವನು ಸೀಟಿನ ಎತ್ತರದ ಬೆನ್ನಿನ ಮರೆಯಲ್ಲಿ, ಬಾಗಿಲಿಗೆ ಕಾಣದಂತೆ ಕೂತಿದ್ದ. ಇದ್ದೇನೆ ಎನ್ನಬೇಕು. ಸುಲಭದ ಮಾತು. ಅವನು ಬಾಯಿ ತೆರೆದ. ಇದ್ದೇನೆ ಎಂದು ಹೇಳುವುದಕ್ಕೆ ಮೊದಲು ಅದು ನಿಜವೇ ಎಂದು ಒಂದು ಕ್ಷಣ ಯೋಚಿಸಿದ. ಆ ಕ್ಷಣದಲ್ಲಿ ಬಾಗಿಲು ಮುಚ್ಚಿತು. ಹೆಜ್ಜೆಗಳು ಮೆಟ್ಟಿಲಿಳಿದು, ಕೆಳಗಿನ ಕೋಣೆಯ ಸ್ವಿಚ್ಚುಗಳ ಕಡೆ ಹೋದವು.

ಎಡಗಡೆಯ ಕಿಟಕಿ ಮೊದಲು ಕಪ್ಪಾಯಿತು. ಆಮೇಲೆ ಬಲಗಡೆಯದು. ಎದುರಿಗಿದ್ದ ರನ್‌ವೇಯ ದೀಪಗಳು ಒಮ್ಮೆ ಅದುರಿ, ಇಲ್ಲವಾದವು. ಆ ಕತ್ತಲಲ್ಲಿ ಎತ್ತರದ ಮಾಪಕವೊಂದೇ ಹಸಿರಾಗಿ ಉರಿಯುತ್ತಿತ್ತು. ಕೆಳಗೆ ನೆಲವೇ ಇರಲಿಲ್ಲ. ಮಾಪಕ ಇನ್ನೂ ಮುನ್ನೂರು ಅಡಿ ತೋರಿಸುತ್ತಿತ್ತು.