ದೋಟಿ ಹಿಡಿದವಳು

ಮಸಿಕಡ್ಡಿ ಕಲ್ಲಿನ ಮೇಲೆ ಸುತ್ತುವಾಗಿನ ಈ ಸದ್ದು, ರೇಷ್ಮೆಹುಳು ಎಲೆ ಮೇಯುವ ಸದ್ದೇ ಇದು, ಅಮ್ಮನಿಗೆ ಹೇಳಿದ್ದರೆ ನಗುತ್ತಿದ್ದಳು, ಅಮ್ಮ ಇಲ್ಲ, ಚಳಿಗಾಲದಲ್ಲೇ ಹೋದಳು, ಮೇಜಿನ ಮೇಲೆ ಹಾಸಿರುವುದು ಅವಳು ರೇಷ್ಮೆಯ ಮೇಲೆ ಬರೆದ ವಸಂತದ ಚಿತ್ರ ಮಾತ್ರ — ಹೊಳೆ, ಮಂಜು, ಚಿಗುರಿದ ಮರ, ದಡದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ ಒಂದು ಜೀವ, ಮೇಲೆ ಒಂದು ಗೇಣು ಖಾಲಿ ಆಕಾಶ. ಆ ಒಂದು ಗೇಣಿಗಾಗಿ ದೊಡ್ಡಪ್ಪ ಸೂಜೋ ಪಟ್ಟಣದ ಆ ತುದಿಯಿಂದ ಪಲ್ಲಕ್ಕಿಯಲ್ಲಿ ಬಂದಿದ್ದಾರೆ. ಅಲ್ಲಿ ಅವರ ಪದ್ಯ, ಪದ್ಯದ ಕೆಳಗೆ ಅವರ ಕೆಂಪು ಮುದ್ರೆ, ನಾಳೆ ಚಿತ್ರ ಹೊಸ ಅಧಿಕಾರಿಯ ಮನೆಗೆ ಕಾಣಿಕೆ, ಆಮೇಲೆ ಅದನ್ನು ಯಾರೂ ಅಮ್ಮನ ಚಿತ್ರ ಅನ್ನುವುದಿಲ್ಲ. ಏನೇ ಮೂಗಿ, ಮಸಿ ಅರೆದಾಯ್ತೋ ಇಲ್ಲ ಮುಂದಿನ ವಸಂತಕ್ಕೋ, ಎಂದು ದೊಡ್ಡಪ್ಪ ಕೇಳಿದಾಗ ಪೆಯ್‌ಲಾನ್ ತಲೆಯಾಡಿಸಿದಳು, ಹದಿನೇಳು ವರ್ಷ ತಲೆಯಾಡಿಸಿಯೇ ಆಯಿತು, ಅಪ್ಪ ಪಕ್ಕದಲ್ಲಿ ನಿಂತು, ನಿಮ್ಮ ಕೈ ಬಿದ್ದರೆ ಚಿತ್ರಕ್ಕೊಂದು ಯೋಗ್ಯತೆ ಬರುತ್ತೆ ಅಣ್ಣಾ, ಅನ್ನುತ್ತಿದ್ದಾನೆ, ಅಪ್ಪಾ, ಅಮ್ಮ ರಾತ್ರಿಯೆಲ್ಲ ಕೆಮ್ಮುತ್ತ ಆ ಮಂಜನ್ನು ತೆಳು ಮಾಡಿದ್ದು ನೀನೂ ನೋಡಿದ್ದೆಯಲ್ಲ.

ದೊಡ್ಡಪ್ಪ ಪದ್ಯ ಹಾಡಿ ತೋರಿಸಿದರು, ಕಣ್ಣು ಮುಚ್ಚಿ, ಗಡ್ಡ ನೀವುತ್ತ — ಊರುಗೋಲು ಹಿಡಿದ ವೃದ್ಧ ವಿರಕ್ತ, ಪೇಟೆಯ ಗದ್ದಲ ಮರೆತು ಹೊಳೆ ನೋಡುತ್ತ ನಿಂತಿದ್ದಾನೆ — ಅವಳ ಕೈಯಲ್ಲಿ ಮಸಿಕಡ್ಡಿ ನಿಂತಿತು. ವಿರಕ್ತ ಅಂತೆ. ಚಿತ್ರದ ಹೊಳೆಯ ಪಕ್ಕ ಯಾರು ನಿಂತರೂ ಇವರಿಗೆ ವಿರಕ್ತನೇ, ಕೈಯಲ್ಲಿ ಏನಿದ್ದರೂ ಊರುಗೋಲೇ, ಒಂದು ಕ್ಷಣ ಬಗ್ಗಿ ನೋಡಿದ್ದರೆ ತುದಿಯ ಕೊಕ್ಕೆ ಕಾಣುತ್ತಿತ್ತು, ಅದು ದೋಟಿ, ಹಿಪ್ಪುನೇರಳೆಯ ಕೊಂಬೆ ಬಗ್ಗಿಸಿ ಎಲೆ ಕೊಯ್ಯುವ ದೋಟಿ, ಅಮ್ಮನ ತವರಿನ ದಡ ಅದು, ಎಲೆ ಕೊಯ್ಯುವ ಮನೆಯವಳು, ಪಾದ ಚಿಕ್ಕದಾಗಲೆಂದು ಬಿಗಿದು ಕಟ್ಟಿಸಿಕೊಳ್ಳದವಳು, ನಿನ್ನ ಹೆಂಡತಿ ಬಂದರೆ ನೆಲ ಮೊದಲೇ ಹೇಳುತ್ತೆ ಅಂತ ಇದೇ ದೊಡ್ಡಪ್ಪ ಹಬ್ಬದ ಊಟದಲ್ಲಿ ನಗಾಡಿದ್ದು, ಅಮ್ಮ ತಲೆ ತಗ್ಗಿಸಿ ಬಿದಿರಿನ ಮೊಳಕೆ ಬಡಿಸಿದ್ದು. ಹನ್ನೊಂದನೆಯ ವಯಸ್ಸಿಗೆ ನನ್ನ ಪಾಠ ಬಿಡಿಸಿದಾಗ, ಇನ್ನು ಸೂಜಿ ಹಿಡಿಯಲಿ ಸಾಕು ಅಂದವರೂ ಇವರೇ. ಅಮ್ಮ ಅಡುಗೆಮನೆಯ ಬೂದಿಯಲ್ಲಿ ಅಕ್ಷರ ಬರೆದು ತೋರಿಸುತ್ತಿದ್ದಳು, ಅಳಿಸುತ್ತಿದ್ದಳು, ಇನ್ನೊಂದು ಬರೆಯುತ್ತಿದ್ದಳು, ಬೂದಿಯಲ್ಲಿ ಕಲಿತದ್ದಕ್ಕೆ ಸಾಕ್ಷಿ ಇಲ್ಲ, ಮುದ್ರೆ ಇಲ್ಲ.

ಮಸಿ ಇನ್ನೂ ಗಟ್ಟಿಯಾಗಲಿ, ಅಷ್ಟರಲ್ಲಿ ಹೊಸ ಚಹಾ ಕುಡಿಯೋಣ ಎಂದು ಅಣ್ಣತಮ್ಮಂದಿರು ಅಂಗಳಕ್ಕೆ ಹೋದರು, ಮಸಿ ಗಟ್ಟಿಯಾಗಿಯೇ ಇದೆ, ಅವಳಿಗೆ ಗೊತ್ತು, ಕುಂಚ ಕೈಗೆ ಯಾವಾಗ ಬಂತು ಗೊತ್ತಿಲ್ಲ. ರೇಷ್ಮೆ ಒಮ್ಮೆ ಕುಡಿದರೆ ಬಿಡುವುದಿಲ್ಲ, ತಪ್ಪಿದರೆ ಅಮ್ಮನ ಆಕಾಶವನ್ನು ನಾನೇ ಕೆಡಿಸಿದ ಹಾಗೆ, ಬರಿ — ದಡದಲ್ಲಿ ಮುದುಕನಿಲ್ಲ, ಎಲೆ ಕೊಯ್ಯುವ ಹುಡುಗಿ ಇದ್ದಾಳೆ — ದೋಟಿಗೆ ಸಿಕ್ಕ ಕೊಂಬೆಯಿಂದ ಇಬ್ಬನಿ ಅವಳ ತೋಳಿಗೆ — ಹುಳುಗಳು ಹಸಿದಿವೆ, ಹೊಳೆ ನೋಡಲು ಪುರುಸೊತ್ತಿಲ್ಲ — ವಸಂತ ಬಂದದ್ದು ಅವಳಿಗೆ ಬುಟ್ಟಿಯ ಭಾರದಲ್ಲಿ ಗೊತ್ತು. ಸಾಲಿಗೆ ಏಳು ಚಿತ್ರಾಕ್ಷರದಂತೆ ಇಪ್ಪತ್ತೆಂಟು, ಮೂರನೆಯ ಸಾಲು ಸ್ವಲ್ಪ ಸೊಟ್ಟ, ಇರಲಿ, ಕೆಳಗೆ ಚಿಕ್ಕದಾಗಿ, ಈ ಮನೆಯಲ್ಲಿ ಯಾರೂ ಒಮ್ಮೆಯೂ ಕರೆಯದ ಹೆಸರು, ಚಿತ್ರ ಬರೆದವಳು ಗೂ ಮನೆತನದ ಶುಯ್‌ಹೆಂಗ್, ಪದ್ಯ ಅವಳ ಮಗಳದು. ಹೊಸ್ತಿಲಲ್ಲಿ ಚಪ್ಪಲಿಯ ಸದ್ದು. ಅಪ್ಪ ಓದುತ್ತಾನೆ, ತುಟಿ ಅಲುಗುತ್ತದೆ, ಆ ಹೆಸರಿನ ಹತ್ತಿರ ನಿಲ್ಲುತ್ತದೆ, ಅವನ ಮುಖ ಹಾಗೆ ಆಗುವುದನ್ನು ಅವಳು ಎಂದೂ ನೋಡಿರಲಿಲ್ಲ, ಹಿಂದಿನಿಂದ ದೊಡ್ಡಪ್ಪ, ಯಾರ ಕೆಲಸ ಇದು, ಒದ್ದೆ ಬಟ್ಟೆ ತನ್ನಿ, ಇನ್ನೂ ಹಸಿ ಇದೆ, ಒರೆಸಿ, ಯಾರೇ ಈ ಪದ್ಯದ ಹುಡುಗಿ, ನನ್ನ ಮುದುಕನ್ನ ಏನು ಮಾಡಿದೆ ನೀನು.

"ಅಲ್ಲಿ ಮುದುಕ ಇರಲೇ ಇಲ್ಲ ದೊಡ್ಡಪ್ಪ. ಅವಳು ನಮ್ಮಮ್ಮ. ಕೈಯಲ್ಲಿರೋದು ದೋಟಿ."

ತನ್ನದೇ ದನಿ, ಇಷ್ಟು ದಪ್ಪವೇ ನನ್ನ ದನಿ, ಅಪ್ಪ ಒದ್ದೆ ಬಟ್ಟೆಗೆ ಕೈ ಚಾಚಲಿಲ್ಲ, ದೊಡ್ಡಪ್ಪ ತಾವೇ ಚಾಚಿದರು, ಅವಳು ಮೇಜಿಗೂ ಅವರಿಗೂ ನಡುವೆ ಬಂದು ನಿಂತಳು, ಬೆನ್ನ ಹಿಂದೆ ಮಸಿ ರೇಷ್ಮೆಯೊಳಗೆ ಇಳಿಯುತ್ತಿದೆ, ಇನ್ನೊಂದು ಉಸಿರು, ಇನ್ನೊಂದು, ಅಷ್ಟು ಹೊತ್ತು ನಿಂತರೆ ಸಾಕು, ಮಂಜಿನ ಆಚೆ ಕೊಂಬೆಗೆ ಎತ್ತಿದ ಅಮ್ಮನ ಆ ಕೈ, ಇನ್ನೂ ಇಳಿಸಿಲ್ಲ, ಆ ಕೈ —