ನಾಲ್ಕನೆಯ ದಿಂಬು

ನನ್ನ ಗಂಡನನ್ನು ನಮ್ಮ ಹಾಸಿಗೆಯಿಂದ ಎಬ್ಬಿಸಿ ಮುಂದಿನ ಕೋಣೆಗೆ ಕಳಿಸಿದವಳು ನಾನೇ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮ ತಾಪತ್ರಯ ಶುರುವಾಗುತ್ತಿದ್ದುದೇ ಉಂಡು ಮಲಗಿದ ಮೇಲೆ.

ಅವರು ಗೋಡೆಗೆ ಬಣ್ಣ ಹೊಡೆಯುವವರು, ನಾನು ಹತ್ತಿಯ ಹಾಸಿಗೆ ದಿಂಬು ಹೊಲಿಯುವವಳು. ಹಿಂದಿನ ಕೋಣೆಯೇ ನನ್ನ ಕಾರ್ಖಾನೆ, ನಾವು ಮಲಗುವುದೂ ಅಲ್ಲೇ. ಹತ್ತಿ ಹಿಂಜಿದರೆ ದೂಳು ಎದ್ದೇ ಏಳುತ್ತದೆ. ಮೂವತ್ತೊಂದು ವರ್ಷ ಆ ದೂಳಿನಲ್ಲೇ ಗೊರಕೆ ಹೊಡೆದ ಮನುಷ್ಯ, ಹೋದ ವರ್ಷದಿಂದ ತಲೆ ಊರಿದ ಕೂಡಲೇ ಕೆಮ್ಮತೊಡಗಿದರು. ಎದ್ದು ಕೂತರೆ ಕೆಮ್ಮಿಲ್ಲ.

“ತಲೆ ಸ್ವಲ್ಪ ಎತ್ತರ ಆದ್ರೆ ಸರಿಹೋಗುತ್ತೆ ಕಣೇ,” ಎಂದರು.

ನಮ್ಮ ಮನೆಯಲ್ಲಿ ದಿಂಬಿಗೇನು ಬರ? ಎರಡನೆಯದು ಕೊಟ್ಟೆ. ಎರಡು ತಿಂಗಳಿಗೆ ಮೂರನೆಯದು, ಗಟ್ಟಿಯಾಗಿ ತುಂಬಿ. ನಾಲ್ಕನೆಯದನ್ನು ಬೆನ್ನಿಗೆ ಆನುವ ಹಾಗೆ, ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಮಾಡಿ, ಇಳಿಜಾರಾಗಿ ಹೊಲಿದೆ. ಅಂಥ ದಿಂಬು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಒಳಗೊಳಗೇ ಬೀಗಿದೆ. ಅವರೂ ಅದಕ್ಕೆ ಒರಗಿ “ಅರಮನೆ!” ಎಂದರು. ಆದರೆ ಅವರ ಮುಖ ನನ್ನ ಮುಖಕ್ಕಿಂತ ಒಂದು ಮೊಳ ಮೇಲೆ ಹೋಗಿಬಿಟ್ಟಿತ್ತು. ಮಲಗಿಕೊಂಡು ಪಿಸುಗುಟ್ಟುವುದು ಅಲ್ಲಿಗೆ ಮುಗಿಯಿತು.

ಕೊನೆಗೆ ಅದೂ ಸಾಲದಾಯಿತು. ನನ್ನ ಹತ್ತಿಯೇ ಅವರ ಎದೆಗೆ ಕೂತಿದೆ ಎಂದು ನನಗೆ ಖಾತ್ರಿಯಾಯಿತು. “ಮುಂದಿನ ಕೋಣೇಲಿ ಆರಾಮ ಕುರ್ಚಿ ಇದೆಯಲ್ಲ, ಅಲ್ಲೇ ಮಲಗಿ. ನನ್ನ ದೂಳು ನಿಮಗೆ ಬೇಡ,” ಎಂದೆ. ಒಂದು ಮಾತೂ ಎದುರಾಡದೆ ಹೊದಿಕೆ ಎತ್ತಿಕೊಂಡು ಹೋದರು. ಅದೇ ನನ್ನನ್ನು ಚುಚ್ಚಿದ್ದು. ಬಾಯಿಮಾತಿಗಾದರೂ ‘ಬೇಡ’ ಎನ್ನಬಾರದಿತ್ತೇ?

ಐದು ತಿಂಗಳು ಹಾಗೇ ಕಳೆಯಿತು. ಅವರ ಜಾಗ ಖಾಲಿ ಕಾಣದಿರಲೆಂದು ಅಲ್ಲಿ ಅರ್ಧ ಹೊಲಿದ ದಿಂಬುಗಳನ್ನು ಪೇರಿಸಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಈ ಐವತ್ತಾರರ ಹೆಂಗಸಿಗೆ ಗಂಡನ ತಣ್ಣನೆಯ ಪಾದ ಕಾಲಿಗೆ ತಗುಲಬೇಕೆಂದು ಆಸೆಯಾಗುತ್ತಿತ್ತು. ಬಣ್ಣ ಮೆತ್ತಿದ ಅಂಗಿಯನ್ನು ನೆನೆಹಾಕುವ ಮೊದಲು ಮೂಸುತ್ತಿದ್ದೆ. ಎದುರಿಗೆ ಬಂದರೆ ಮಾತ್ರ ಕಾರಣವಿಲ್ಲದೆ ರೇಗುತ್ತಿದ್ದೆ, ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಏಣಿಯ ಮೂರನೆಯ ಮೆಟ್ಟಿಲಿಗೇ ಏದುಸಿರು ಬರುತ್ತದೆ ಎಂದು ಅವರು ಹೇಳಿದಾಗಲೂ “ಬಣ್ಣದ ವಾಸನೆ ಕುಡಿದೂ ಕುಡಿದೂ ಹೀಗಾಗಿದೆ” ಎಂದು ಬೈದೆ. ಹತ್ತಿಯ ಮೇಲೊಂದು ತಪ್ಪು, ಬಣ್ಣದ ಮೇಲೊಂದು ತಪ್ಪು ಹೊರಿಸಿ ಇಬ್ಬರೂ ಸುಮ್ಮನಿದ್ದೆವು.

ಒಂದು ಭಾನುವಾರ ನಾದಿನಿ ಬಂದಳು. ಅಣ್ಣ ಕಾಲುಚೀಲ ಕಳಚುವುದನ್ನೇ ನೋಡುತ್ತಿದ್ದವಳು, “ಅತ್ತಿಗೆ, ಇಲ್ಲಿ ಬನ್ನಿ. ಇದೇನು ಕಾಲು ಹೀಗೆ?” ಎಂದು ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು. ಬಿದ್ದದ್ದು ಮೇಲೇಳಲಿಲ್ಲ. ಒತ್ತಿದ ಹತ್ತಿ ಮೇಲೇಳದಿದ್ದರೆ ಅದು ನೀರು ಕುಡಿದಿದೆ ಎಂದೇ ಲೆಕ್ಕ, ಅಷ್ಟು ನನ್ನ ಕೈಗೆ ಗೊತ್ತು. ಮಾರನೆಯ ಬೆಳಿಗ್ಗೆಯೇ ಮೂವರೂ ಆಸ್ಪತ್ರೆಗೆ ಹೊರಟೆವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಮ್ಮವರ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, “ಎಷ್ಟು ದಿಂಬು ಇಟ್ಕೊಂಡು ಮಲಗ್ತಾರೆ?” ಎಂದರು.

“ನಾಲ್ಕು! ಎಲ್ಲಾ ನಾನೇ ಹೊಲಿದಿದ್ದು. ಈಗ ಕುರ್ಚೀಲೇ ಮಲಗ್ತಾರೆ,” ಎಂದೆ ಹೆಮ್ಮೆಯಿಂದ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಇಸಿಜಿ, ಎಕೋ ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ. “ಹಾರ್ಟ್ ಫೇಲ್ಯೂರ್,” ಎಂದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ.

“ಫೇಲ್ ಅಂದ್ರೆ ನಿಂತುಹೋಗಿದೆ ಅಂತಲ್ಲಮ್ಮ. ರಕ್ತ ತಳ್ಳೋ ಶಕ್ತಿ ಕಮ್ಮಿಯಾಗಿದೆ. ಮುಂದೆ ಹೋಗಬೇಕಾದ್ದು ಹಿಂದೆ ನಿಲ್ಲುತ್ತೆ, ಶ್ವಾಸಕೋಶದಲ್ಲಿ, ಕಾಲಲ್ಲಿ ನೀರು ಸೇರುತ್ತೆ. ಮಲಗಿದ್ರೆ ಕಾಲಲ್ಲಿರೋದೂ ಎದೆ ಕಡೆ ಬರುತ್ತೆ. ಅದಕ್ಕೇ ಆ ಕೆಮ್ಮು.”

“ಹಾಗಾದ್ರೆ ನನ್ನ ಹತ್ತಿ?”

“ಹತ್ತಿಯಿಂದ ಆಗಿದ್ದಲ್ಲ. ಕೆಲವರಿಗೆ ಹಳೇ ಹಾರ್ಟ್ ಅಟ್ಯಾಕ್‌ನಿಂದ ಬರುತ್ತೆ, ಕೆಲವರಿಗೆ ಕವಾಟ ಕೆಟ್ಟು, ಕೆಲವರಿಗೆ ಕುಡಿತದಿಂದ. ಇವರಿಗೆ ಬಿಪಿಯಿಂದ. ವರ್ಷಗಟ್ಟಲೆ ಆ ಒತ್ತಡದ ವಿರುದ್ಧ ದುಡಿದೂ ದುಡಿದೂ ಹೃದಯ ಸೋತಿದೆ. ಬಿಪಿಗೆ ಕೊಟ್ಟಿದ್ದ ಮಾತ್ರೆ ಮಧ್ಯದಲ್ಲೇ ಯಾಕೆ ಬಿಟ್ರಿ?”

“ಚೆನ್ನಾಗೇ ಇದ್ನಲ್ಲ,” ಎಂದರು ನಮ್ಮವರು.

“ಮಾತ್ರೆ ತಗೊಂಡಿದ್ದಕ್ಕೇ ಚೆನ್ನಾಗಿದ್ರಿ.” ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಎರಡನೇ ದಿಂಬು ಬೇಕಾದಾಗ್ಲೇ ಬಂದಿದ್ರೆ ಚೆನ್ನಾಗಿತ್ತು,” ಎಂದರು.

ಆ ನಾಲ್ಕನೆಯ ದಿಂಬಿನ ಜಾಣತನ ನೆನಪಾಯಿತು. ಅವರ ಕಾಯಿಲೆ ಸುಖವಾಗಿ ಒರಗಿ ಬೆಳೆಯಲೆಂದು ನಾನೇ ಹೊಲಿದು ಕೊಟ್ಟಿದ್ದೆ. ನಾದಿನಿ ಪಕ್ಕದಲ್ಲಿದ್ದಾಳೆ ಎಂಬುದನ್ನೂ ಲೆಕ್ಕಿಸದೆ ಕೇಳಿದೆ, “ಇವರು ಮತ್ತೆ ನನ್ನ ಪಕ್ಕ ಮಲಗಬಹುದಾ?”

ಡಾಕ್ಟರಮ್ಮ ನಗಲಿಲ್ಲ. “ನೀರಿಳಿದ್ರೆ ಉಸಿರು ಸಲೀಸಾಗುತ್ತೆ. ಹೃದಯ ಪೂರ್ತಿ ಹಳೇ ಥರ ಆಗುತ್ತೆ ಅಂತ ಮಾತು ಕೊಡಲ್ಲ. ಮಾತ್ರೆ ಜೀವನಪೂರ್ತಿ, ಉಪ್ಪು ಕಮ್ಮಿ. ದಿನಾ ಬೆಳಿಗ್ಗೆ ತೂಕ ನೋಡಿ. ದಿಢೀರ್ ಅಂತ ಏರಿದ್ರೆ ಅದು ಕೊಬ್ಬಲ್ಲ, ನೀರು. ತಕ್ಷಣ ಬನ್ನಿ.”

ಮೂರು ವಾರದಲ್ಲಿ ಆರು ಕೆಜಿ ಇಳಿಯಿತು. ಸಪ್ಪೆ ಊಟಕ್ಕೆ ಅವರು ಮುಖ ಸಿಂಡರಿಸಿದರೆ ನಾನೂ ಅದೇ ಉಣ್ಣುತ್ತಾ ಕೂರುತ್ತಿದ್ದೆ. ‘ಹಾಸಿಗೆಗೆ ಬನ್ನಿ’ ಎಂದು ಮಾತ್ರ ಕರೆಯಲಿಲ್ಲ. ಬಂದು ಉಸಿರು ಕಟ್ಟಿದರೆ ಎಂಬ ಭಯ.

ಒಂದು ಮಧ್ಯಾಹ್ನ ಹೊಲಿಯುತ್ತಿದ್ದೆ. ಅವರೇ ಬಾಗಿಲಲ್ಲಿ ಬಂದು ನಿಂತರು. ತಮ್ಮ ಜಾಗದಲ್ಲಿ ಪೇರಿಸಿದ್ದ ದಿಂಬುಗಳನ್ನು ಒಂದೊಂದೇ ಕೆಳಗಿಳಿಸಿ, “ಎರಡು ಸಾಕೇನೋ, ನೋಡೋಣ,” ಎಂದರು.

“ಹೋಗಿ ಅಂದ ತಕ್ಷಣ ಹೋದೋರು, ಈಗೇನು ಬಂದಿದ್ದು?” ನಾಲಿಗೆಗೆ ಬುದ್ಧಿಯಿಲ್ಲ.

ಅವರು ಹಾಸಿಗೆಯ ಅಂಚಿಗೆ ಕೂತರು. “ನೀನು ಕಳಿಸದಿದ್ರೂ ಹೋಗ್ತಿದ್ದೆ ಕಣೇ. ಮಲಗಿದ್ರೆ ಎದೇಲಿ ಗೊರಗೊರ ಸದ್ದು. ಒಂದಿನ ನೀನು ಎದ್ದು ಕೂತು, ಅದನ್ನೇ ಕೇಳ್ತಾ ಅಳ್ತಿದ್ದೆ. ನಾನು ನಿದ್ದೆ ಬಂದೋನ ಥರ ಬಿದ್ಕೊಂಡಿದ್ದೆ. ಇನ್ನು ನಿನಗೆ ಕೇಳಿಸಬಾರದು ಅಂತ ಆವತ್ತೇ ಅಂದ್ಕೊಂಡೆ.”

ಸೂಜಿ ಬಟ್ಟೆಗೆ ಚುಚ್ಚಿಟ್ಟೆ. “ಐದು ತಿಂಗಳು ಗೋಡೆಗೆ ಕಿವಿ ಹಚ್ಚಿ ಮಲಗಿದ್ದೀನಿ ನಾನು, ಗೊತ್ತಾ ನಿಮಗೆ?” ಎಂದೆ. ಬೈಗುಳವೆಂದೇ ಶುರುವಾದ ಮಾತು ಅಳುವಿನಲ್ಲಿ ಮುಗಿಯಿತು.

ಅವರು ನಿಧಾನವಾಗಿ ಮಲಗಿದರು. ಇಬ್ಬರೂ ಕೆಮ್ಮಿಗಾಗಿ ಕಾದೆವು. ಬರಲಿಲ್ಲ. ನಾನು ಪಕ್ಕದಲ್ಲಿ ಮಲಗಿ, ಅವರ ಎದೆಗೆ ಕಿವಿಯಿಟ್ಟೆ.

“ಸ್ವಲ್ಪ ಜೋರಾಗಿ ಉಸಿರಾಡಿ,” ಎಂದೆ. “ನನಗೆ ಕೇಳಿಸ್ಲಿ.”